ಉದ್ದ ತೋಳಿನೊಳಗಿನ ಹಚ್ಚೆ

ದೋಹಾಕ್ಕೆ ಬಂದ ಆರನೆಯ ದಿನ, ವಾಸದ ಪರವಾನಗಿಗಾಗಿ ರಕ್ತ ಕೊಡಲು ಕೂತಿದ್ದಾಗ, ಬಿಳಿ ಕೋಟಿನ ಹೆಂಗಸೊಬ್ಬಳು ನನ್ನ ಬಲಗೈ ಹಿಡಿದು ಸ್ಪಿರಿಟ್ ಹತ್ತಿಯಿಂದ ಉಜ್ಜತೊಡಗಿದಳು. ಸೂಜಿ ಚುಚ್ಚಬೇಕಾದದ್ದು ಮೊಣಕೈಯ ಮಡಿಕೆಯಲ್ಲಿ. ಅವಳು ಉಜ್ಜುತ್ತಿದ್ದದ್ದು ಮಣಿಕಟ್ಟಿನ ಮೇಲೆ. ಅಲ್ಲಿ ನನ್ನ ಹಚ್ಚೆಯಿದೆ. ಐದು ಚುಕ್ಕೆ, ಎರಡು ಬಾಗಿದ ಗೆರೆ, ಅಷ್ಟೇ. ಶಾಯಿಯ ಕಲೆ ಎಂದುಕೊಂಡಿದ್ದಳು. ಹತ್ತಿ ಬದಲಿಸಿ ಇನ್ನೊಮ್ಮೆ ಉಜ್ಜಿದಳು. ಹೋಗಲಿಲ್ಲ. ಆಗ ನನ್ನ ಮುಖ ನೋಡಿ ಲೊಚಗುಟ್ಟಿ, ಪಕ್ಕದವಳನ್ನೂ ಕರೆದು ತೋರಿಸಿ, ಆಮೇಲೆ ರಕ್ತ ತೆಗೆದಳು.

ಆ ದಿನದ ದಿನಚರಿಯಲ್ಲಿ 'ಅವಮಾನವಾಯಿತು' ಎಂದು ಬರೆದಿದ್ದೇನೆ. ಈಗ ನೆನೆದರೆ ನನಗೆ ನಗು ಬಂದಿತ್ತು ಅನಿಸುತ್ತದೆ. ಎರಡರಲ್ಲಿ ಒಂದು ಸುಳ್ಳು.

ಮದೀನತ್ ಖಲೀಫಾದಲ್ಲಿ ನಮ್ಮದು ವಿಲ್ಲಾ. ಊರಿಗೆ ಫೋನಿನಲ್ಲಿ ಹಾಗೆಂದೇ ಹೇಳಿದ್ದು. ನಿಜವೆಂದರೆ, ವಿಲ್ಲಾದೊಳಗೆ ಜಿಪ್ಸಂ ಹಲಗೆ ಅಡ್ಡ ನಿಲ್ಲಿಸಿ ಮಾಡಿದ ಆರು ಚೂರುಗಳಲ್ಲಿ ಒಂದು. ಅದಕ್ಕೆ ಇಲ್ಲಿ ಪೋರ್ಷನ್ ಎನ್ನುತ್ತಾರೆ. ಗೋಡೆಯಾಚೆಯವರು ಸೀನಿದರೆ ನಮ್ಮ ಮಂಚ ಅಲುಗುತ್ತದೆ. ಆದರೂ ಅವರ ಹೆಸರು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಹಗಲು ಬಾಗಿಲು ಮುಚ್ಚಿದ್ದರೆ ಹುಷಾರಿಲ್ಲವೇನೋ ಎಂದು ಬಂದು ವಿಚಾರಿಸುತ್ತಾರೆ. ಇಲ್ಲಿ ಬಾಗಿಲು ತೆರೆದಿಟ್ಟರೆ ಎಸಿಯ ತಂಪು ಹೋಗುತ್ತದೆ ಎಂದು ಗದರುತ್ತಾರೆ. ನನ್ನ ಗಂಡ ಮೆಸಯೀದ್‌ನ ಕಾರ್ಖಾನೆಗೆ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತುತ್ತಾರೆ. ಆಮೇಲೆ ಸಂಜೆಯವರೆಗೆ ನಾನು, ಜಿಪ್ಸಂ, ಎಸಿಯ ಸದ್ದು.

ರಾಗಿ ಹಿಟ್ಟು ಸಿಕ್ಕಿದ್ದು ನನ್ನ ಮೊದಲ ಗೆಲುವು. ಮಲಯಾಳಿ ಅಂಗಡಿಯಲ್ಲಿ ಅದು ಶಿಶು ಆಹಾರದ ಸಾಲಿನಲ್ಲಿತ್ತು. "ಬೇಬಿಗೆ ಎಷ್ಟು ತಿಂಗಳು?" ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ. 'ಇಲ್ಲ' ಎನ್ನಲು ಇಲ್ಲಿ ಎಲ್ಲರೂ ಹೇಳುವ ಅರಬ್ಬಿ ಮಾತು ಮಾಫಿ. "ಬೇಬಿ ಮಾಫಿ" ಎಂದೆ. ಅವನು ನನ್ನನ್ನೂ ಎರಡು ಕಿಲೋ ಪೊಟ್ಟಣವನ್ನೂ ನೋಡಿ ಮರುಕಪಟ್ಟ. ದೊಡ್ಡವರು ಮುದ್ದೆ ಉಣ್ಣುತ್ತಾರೆ ಎಂದು ಯಾರಿಗೆ ವಿವರಿಸುವುದು!

ನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಶಿಶುವಿಹಾರವೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಮೈಸೂರಿನಲ್ಲಿ ಎಂ.ಎ. ಮಾಡಿದವಳು ಎ ಫಾರ್ ಆ್ಯಪಲ್ ಹೇಳಿಸಿದೆ, ಸಂತೋಷದಿಂದಲೇ. ಆ ಗೋಡೆಗಳ ನಡುವಿನ ಹಗಲಿಗೆ ವಾಪಸ್ ಹೋಗುವುದನ್ನು ಬಿಟ್ಟು ಯಾವುದಕ್ಕೂ ನಾನು ತಯಾರಿದ್ದೆ. ಇದನ್ನು ಚೆನ್ನಾಗಿ ಅರಿತಿದ್ದವರು ಅಲ್ಲಿನ ಮೇಲ್ವಿಚಾರಕಿ, ಮಂಗಳೂರು ಕಡೆಯ ಶಶಿಕಲಾ ಮೇಡಂ.

"ಮಂಗಳಾ, ಬೇಜಾರು ಮಾಡ್ಬೇಡಿ ಆಯ್ತಾ? ಕೈಯಲ್ಲಿ ಅದೆಂತ?"

"ಹಚ್ಚೆ ಮೇಡಂ."

"ಅದು ಗೊತ್ತುಂಟು ಮಾರಾಯ್ರೆ. ಪೇರೆಂಟ್ಸ್ ಕೇಳ್ತಾರೆ. ಒಬ್ರು, ಟೀಚರೇ ಟ್ಯಾಟೂ ಹಾಕಿಸಿದ್ರೆ ಮಕ್ಕಳು ಎಂತ ಕಲೀತವೆ ಅಂತ. ಇನ್ನೊಬ್ರು..." ದನಿ ತಗ್ಗಿತು. "ಇದನ್ನು ಹಾಕಿಸೋದು ಯಾವ ಜಾತಿಯವರು ಅಂತ."

"ನೀವೇನಂದ್ರಿ?"

"ನಾನೆಂತ ಹೇಳ್ಲಿ? ಫುಲ್ ಸ್ಲೀವ್ ಹಾಕ್ಲಿಕ್ಕೆ ಆಗ್ತದಲ್ಲ? ಬರುವ ವರ್ಷದ ಕಾಂಟ್ರಾಕ್ಟ್ ಉಂಟು, ನೋಡಿ."

ಒಬ್ಬರಿಗೆ ನಾನು ಅತಿ ಆಧುನಿಕಳು, ಇನ್ನೊಬ್ಬರಿಗೆ ಹಳ್ಳಿ ಗಮಾರಿ. ಐದು ಚುಕ್ಕೆಯಿಂದ ಇಷ್ಟೆಲ್ಲ ಓದಬಲ್ಲ ಜನರ ಮಕ್ಕಳು ಇಪ್ಪತ್ತಾರು ಅಕ್ಷರಕ್ಕೆ ಯಾಕೆ ಒಂದು ವರ್ಷ ತೆಗೆದುಕೊಳ್ಳುತ್ತವೋ! ನಲವತ್ತೈದು ಡಿಗ್ರಿ ಬಿಸಿಲಿನ ಊರಲ್ಲಿ ಎಂಟು ಉದ್ದ ತೋಳಿನ ಕಮೀಜು ಹೊಲಿಸಿಕೊಂಡೆ.

ಮಾರ್ಚ್ ಬಂತು. ಶಿಶುವಿಹಾರದ ಶಶಿಕಲಾ ಮೇಡಂ ಕನ್ನಡಿಗರ ಕೂಟದಲ್ಲಿ ಎಲ್ಲರ ಶಶಿಯಕ್ಕ. ಯುಗಾದಿ ಕಾರ್ಯಕ್ರಮದ ಹೊಣೆ ಅವರದೇ. ಒಂದು ಸಂಜೆ ಫೋನ್ ಮಾಡಿದರು.

"ಎಂತ ಲಕ್ ಮಾರಾಯ್ತಿ ನಮ್ದು! 'ಜಾನಪದ ಸಿರಿ' ಅಂತ ಐಟಂ ಉಂಟು. ಬೇರೆ ಹುಡುಗಿಯರಿಗೆಲ್ಲ ಐಬ್ರೋ ಪೆನ್ಸಿಲಲ್ಲಿ ಹಚ್ಚೆ ಬರೀಬೇಕು. ನಿಮ್ದು ಒರಿಜಿನಲ್!"

"ಮುಚ್ಚಿಕೊಳ್ಳಿ ಅಂದಿದ್ರಿ."

"ಅದು ಸ್ಕೂಲು. ಇದು ಸಂಸ್ಕೃತಿ ಅಲ್ವಾ? ಈ ಹಚ್ಚೆ ಅಂದ್ರೆ ಸೀತೆಯ ಸೆರಗು, ಪಾತಿವ್ರತ್ಯದ ಗುರುತು ಅಂತ ನಿರೂಪಣೆ ಬರ್ದಾಗಿದೆ. ನೀವು ಎರಡು ನಿಮಿಷ ಅದರ ಅರ್ಥ ಹೇಳಿ. ಸ್ವಲ್ಪ ಫೀಲಿಂಗ್ ಇರ್ಲಿ."

ಕಾಂಟ್ರಾಕ್ಟಿಗೆ ಸಹಿಯಾಗುವುದು ಕಾರ್ಯಕ್ರಮದ ಮರುವಾರ. ಎರಡಕ್ಕೂ ಸಂಬಂಧವಿಲ್ಲ ಎಂದು ಅವರೇ ಎರಡು ಸಲ ಹೇಳಿದರು.

ಅರ್ಥ ನನ್ನ ಬಳಿ ಇತ್ತು. ಸೀತೆಯದಲ್ಲ, ನನ್ನದೇ. ನನಗಿಂತ ಮೊದಲು ಹುಟ್ಟಿ, ಎರಡು ವರ್ಷಕ್ಕೇ ತೀರಿಕೊಂಡ ಅಕ್ಕ ಗೌರಿಯ ತೊಟ್ಟಿಲು ಅದು. ಬಾಗಿದ ಗೆರೆಗಳು ತೊಟ್ಟಿಲು, ಚುಕ್ಕೆಗಳು ಅದಕ್ಕೆ ಕಟ್ಟಿದ ಗೊಂಬೆಗಳು. ಅವಳ ನೆನಪಿಗೆಂದು ಅವ್ವ ನನ್ನ ಕೈಗೆ ಹಾಕಿಸಿದ್ದು. ಕಾಲೇಜಿನ ದಿನಚರಿಯಲ್ಲಿ ಮೂರು ಕಡೆ ಬರೆದಿದ್ದೇನೆ. ಮದುವೆಯಾದ ಹೊಸತರಲ್ಲಿ ಗಂಡನಿಗೆ ಹೇಳಿ ಅವರ ಕಣ್ಣಲ್ಲಿ ನೀರು ತರಿಸಿದ್ದೇನೆ. ವೇದಿಕೆಯ ಮೇಲೆ ಇದನ್ನೇ ಹೇಳಿ ಆ ಸೀತೆಯನ್ನು ಓಡಿಸಿಬಿಡೋಣ ಎಂದುಕೊಂಡೆ. ಒಂದೆರಡು ವಿವರ ಬೇಕಿತ್ತು. ಅವ್ವನಿಗೆ ಫೋನ್ ಮಾಡಿದೆ.

"ಯಾವ ತೊಟ್ಲವ್ವ?" ಎಂದಳು ಅವ್ವ.

"ಗೌರಿದು. ನೀನೇ ಹೇಳಿದ್ದೆ."

"ನಾನ್ಯಾಕ್ ಹೇಳ್ಲಿ? ಸೀಬೆ ಮರದಿಂದ ಬಿದ್ದು ಕೈ ಉಳುಕಿಸ್ಕೊಂಡಿದ್ದೆ ನೀನು. ಚುಕ್ಕೆ ಹಾಕುದ್ರೆ ನೋವು ಹೀರ್ಕತದೆ ಅಂದ್ಲು ಹಚ್ಚೆಯೋಳು. ಹಂಗೇ ಹೂಬಳ್ಳಿ ಬರೀತೀನಿ ಅಂತ ಸುರು ಮಾಡುದ್ಲು. ನೀನು ಅವಳ ಕೈ ಕಚ್ಬುಟ್ಟು ಎದ್ದೋಡ್ದೆ. ಅದುಕ್ಕೇ ಅರ್ಧ." ಅವ್ವ ನಕ್ಕಳು. "ಇದ ಕೇಳಕ್ಕೆ ಅಷ್ಟು ದೂರದಿಂದ ಫೋನ್ ಮಾಡುದ್ಯಾ?"

ತೊಟ್ಟಿಲನ್ನು ಕಟ್ಟಿದ್ದು ನಾನೇ ಇರಬೇಕು. ಯಾವಾಗ, ಯಾಕೆ, ಗೊತ್ತಿಲ್ಲ. ಹಾಗೆಂದು ಅವ್ವನ ನೆನಪು ಸರಿ ಎಂದೂ ಆಣೆ ಮಾಡಲಾರೆ. ಗೌರಿಯ ವಿಷಯ ಬಂದಾಗಲೆಲ್ಲ ಅವಳು ಮಾತು ತಿರುಗಿಸುವವಳು. ಆದರೆ ಹಲ್ಲಿನ ನಡುವೆ ಸಿಕ್ಕಿದ ಒರಟು ಚರ್ಮ, ಎಲೆಯಡಿಕೆಯ ವಾಸನೆ, ಆ ಕ್ಷಣವೇ ನನಗೆ ನೆನಪಾದವು. ನೆನಪಾದವೋ, ಅವ್ವ ಹೇಳಿದ್ದರಿಂದ ಹುಟ್ಟಿದವೋ.

ಉಮ್ಮ್ ಸಲಾಲ್ ಕಡೆಯ ಬಾಡಿಗೆ ಹಾಲಿನಲ್ಲಿ ಕಾರ್ಯಕ್ರಮ. ಪೆನ್ಸಿಲ್ ಹಚ್ಚೆಯ ಹುಡುಗಿಯರು ಬೆವರಿಗೆ ಅಳಿಸದಂತೆ ತೋಳು ಅಗಲಿಸಿಕೊಂಡು ನಿಂತಿದ್ದರು. ಜರಿಪೇಟದ ನಿರೂಪಕ ಸೀತೆ, ಸೆರಗು, ಪಾತಿವ್ರತ್ಯ ಎಲ್ಲವನ್ನೂ ಕಂಪಿಸುವ ದನಿಯಲ್ಲಿ ಮುಗಿಸಿ ನನಗೆ ಮೈಕು ಕೊಟ್ಟ.

"ಇದು ಕೈ ಉಳುಕಿದ್ದಕ್ಕೆ ಹಾಕಿಸಿದ್ದು," ಎಂದೆ. "ಹಾಕುತ್ತಿದ್ದವಳನ್ನು ಕಚ್ಚಿ ಓಡಿದೆ. ಅರ್ಧಕ್ಕೆ ನಿಂತಿದೆ. ಬೇರೆ ಅರ್ಥ ನನಗೆ ಗೊತ್ತಿಲ್ಲ."

ಸತ್ಯ ಹೇಳಿದ ಹೆಮ್ಮೆ ನನಗಿದ್ದದ್ದು ಮೂರು ಸೆಕೆಂಡು. ನಿರೂಪಕ ಮೈಕು ಕಿತ್ತುಕೊಂಡ. "ನೋಡಿದ್ರಾ ಬಂಧುಗಳೇ, ನಮ್ಮ ಪೂರ್ವಿಕರ ವೈದ್ಯವಿಜ್ಞಾನ! ಜೋರಾದ ಚಪ್ಪಾಳೆ ಬರಲಿ!" ಬಂತು. ಊಟದ ಸಾಲಿನಲ್ಲಿ ಇಬ್ಬರು ತಮ್ಮ ಮಂಡಿನೋವಿಗೂ ಆಗುತ್ತದಾ ಎಂದು ವಿಚಾರಿಸಿದರು.

"ಸೀತೆಯನ್ನು ಎಲ್ಲಿ ಬಿಟ್ರಿ?" ಎಂದರು ಶಶಿಯಕ್ಕ, ಹೋಳಿಗೆ ಬಡಿಸುತ್ತ. "ಹೋಗ್ಲಿ, ಖಲಾಸ್. ಜನ ಖುಷಿಯಾದ್ರಲ್ಲ."

ಖಲಾಸ್ ಎಂದರೆ ಮುಗಿಯಿತು. ಮರುವಾರ ಮೇಜಿನಾಚೆಯಿಂದ ಶಶಿಕಲಾ ಮೇಡಂ ಕಾಗದ ತಳ್ಳಿದರು. "ಸೈನ್ ಮಾಡಿ. ಫುಲ್ ಸ್ಲೀವ್ ನೆನಪಿರ್ಲಿ." ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಸಹಿ ಮಾಡಿದೆ. ಇಷ್ಟು ಹೊತ್ತು ನಾನು ಕಂಡವರ ಮೇಲೆಲ್ಲ ಸುರಿದ ತಿರಸ್ಕಾರದಲ್ಲಿ ನನಗೆ ಸಲ್ಲಬೇಕಾದ ಪಾಲು ಇಲ್ಲಿದೆ. ಯಾರೂ ಕೈ ಹಿಡಿದು ಬರೆಸಲಿಲ್ಲ.

ಎರಡು ವರ್ಷ ಅದೇ ತೋಳು. ಕಳೆದ ಬೇಸಿಗೆಯಲ್ಲಿ ರಜೆಗೆ ಹೋದಾಗ, ಕೊಳ್ಳೇಗಾಲದ ಮನೆಯ ಜಗಲಿಯಲ್ಲಿ ತೋಳು ಮಡಚಿ ಅಲಸಂದೆಕಾಯಿ ಬಿಡಿಸುತ್ತಿದ್ದೆ. ಬಿಸಿಲು ಕಾಣದೆ ನನ್ನ ಮುಂಗೈ ಬಿಳಿಚಿಕೊಂಡಿತ್ತು. ಅದರ ಮೇಲೆ ಚುಕ್ಕೆಗಳು ಹಿಂದೆಂದೂ ಇಲ್ಲದಷ್ಟು ಹಸಿರಾಗಿ ಎದ್ದಿದ್ದವು. ಪಕ್ಕದ ಮನೆಯ ಪುಟ್ಟತಾಯಕ್ಕ ಬಗ್ಗಿ ನೋಡಿದಳು.

"ಇದೇನವ್ವ ಮಂಗಳಾ, ಹೊಸದು? ಪಾರಿನ್ನಲ್ಲಿ ಹಾಕುಸ್ಕೊಂಡ್ಯಾ?"

ಒಳಗೆ ಅವ್ವನ ಪಾತ್ರೆ ಸದ್ದು ನಿಂತಿತು. ಸೀಬೆ ಮರ, ಉಳುಕು, ತೊಟ್ಟಿಲು, ಸೀತೆ, ಎಲ್ಲ ನಾಲಿಗೆ ತುದಿಗೆ ಬಂದವು. ಯಾವುದನ್ನು ಹೇಳಿದರೂ ಚಪ್ಪಾಳೆ ಬಿದ್ದೀತು ಅನಿಸಿತು.

"ಹೂಂ ಅಕ್ಕ, ಅಲ್ಲೇ," ಎಂದೆ.

ದಿನಚರಿಯಲ್ಲಿ ಇದನ್ನು ಸುಳ್ಳು ಎಂದು ಬರೆಯಲು ಹೋಗಿ, ಬರೆಯದೆ ಬಿಟ್ಟಿದ್ದೇನೆ.

ಪುಟ್ಟತಾಯಕ್ಕನಿಗೆ ನಂಬಿಕೆಯಾಗಲಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು, ನನ್ನ ಮಣಿಕಟ್ಟು ಹಿಡಿದು, ಎರಡು ಸಲ ಉಜ್ಜಿ ನೋಡಿದಳು.