ಅತ್ತೆ ಕುದಿಸಿದ ಬಾಟಲಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತ ವಿದ್ಯಾನಗರದ ಹಾಸ್ಟೆಲಿನಲ್ಲಿದ್ದೆ. ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರವನ್ನು ಕಿಣ್ವವೊಂದರಿಂದ ತಡೆಯಬಹುದೇ ಎನ್ನುವುದು ನನ್ನ ಪ್ರಾಜೆಕ್ಟು. ಆ ಶಿಲೀಂಧ್ರದ ಹೊರಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತು ಸಿಗಡಿಯ ಸಿಪ್ಪೆಯಲ್ಲೂ ಇರುತ್ತದೆ. ಮಣ್ಣಿನಲ್ಲಿರುವ ಒಂದು ಸಾಧು ಬೂಷ್ಟಿಗೆ ಆ ಸಿಪ್ಪೆಯನ್ನೇ ತಿನ್ನಿಸಿದರೆ, ಅದನ್ನು ಕರಗಿಸುವ ಕಿಣ್ವವನ್ನು ಅದೇ ತಯಾರಿಸಿಕೊಳ್ಳುತ್ತದೆ. ಬೂಷ್ಟಿನಿಂದಲೇ ಬೂಷ್ಟಿಗೆ ಮದ್ದು! ನನಗೆ ಅದರ ಹುಚ್ಚು ಹಿಡಿದಿತ್ತು.

ಹರಿಹರದ ಸಂತೆಯಲ್ಲಿ ಒಣಸಿಗಡಿ ಮಾರುವವರೊಬ್ಬರು ಸಿಪ್ಪೆಯನ್ನು ಪುಕ್ಕಟೆ ಕೊಟ್ಟರು. ತಯಾರಾದ ದ್ರವವನ್ನು ಎರಡು ಬಾಟಲಿಗೆ ತುಂಬಿ, ಮಲೆಬೆನ್ನೂರಿನ ಹತ್ತಿರದ ಸೋದರತ್ತೆಯ ಮನೆಗೆ ಒಯ್ದೆ. ಅವರ ಗದ್ದೆಯಲ್ಲಿ ಆಗಲೇ ರೋಗವಿತ್ತು. ಹಿತ್ತಲಿನ ಎರಡು ಸಾಲು ಭತ್ತದ ಸಸಿಗೆ ಒಂದೊಂದು ಬಾಟಲಿ ಸಿಂಪಡಿಸಲು ಹೇಳಿದೆ. ವಿಭೂತಿ ಹಚ್ಚದೆ ಒಲೆ ಹಚ್ಚದ ಅತ್ತೆಗೆ ಸಿಗಡಿಯ ಸುದ್ದಿ ಹೇಳುವ ಧೈರ್ಯ ನನಗೆಲ್ಲಿತ್ತು? ಔಷಧಿ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಹದಿನೈದು ದಿನ ಬಿಟ್ಟು ಹೋದರೆ ಒಂದು ಸಾಲು ಹಸಿರಾಗಿತ್ತು, ಇನ್ನೊಂದರ ಎಲೆಯ ತುಂಬ ಕಣ್ಣಿನಾಕಾರದ ಕಂದು ಚುಕ್ಕೆ. ಒಂದೇ ದ್ರವಕ್ಕೆ ಎರಡು ಫಲ ಹೇಗೆ? ಮತ್ತೆ ಮಾಡಲು ಸಮಯವಿರಲಿಲ್ಲ. ವರ್ಷ ಹಾಳಾಯಿತೆಂದು ಅತ್ತೆಯ ಮೇಲೆ ರೇಗಿದೆ. ಆಗ ಹೇಳಿದಳು, ಒಂದು ಬಾಟಲಿಯದನ್ನು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಹಳೆ ಡಬ್ಬಿಯಲ್ಲಿ ಕುದಿಸಿ, ಆರಿಸಿ ಸಿಂಪಡಿಸಿದ್ದಳಂತೆ.

ಚುಕ್ಕೆ ಬಿದ್ದದ್ದು ಆ ಸಾಲಿಗೇ. ಕುದಿಸಿದರೆ ಕಿಣ್ವ ಕೆಟ್ಟುಹೋಗುತ್ತದೆ. ಸಸಿ ಉಳಿಸಿದ್ದು ಕಿಣ್ವವೇ ಎನ್ನಬೇಕಾದರೆ, ಕುದಿಸಿ ಕೆಡಿಸಿದ್ದನ್ನೂ ಪಕ್ಕದ ಸಾಲಿಗೆ ಸಿಂಪಡಿಸಿ ಹೋಲಿಸಲೇಬೇಕು. ಓದಿದ ನಾನು ಮರೆತದ್ದನ್ನು ಅತ್ತೆ ಮಾಡಿದ್ದಳು. ಪ್ರಾಜೆಕ್ಟು ಉಳಿದ ಖುಷಿಯಲ್ಲಿ ಸಿಗಡಿಯ ಗುಟ್ಟನ್ನೂ ಒದರಿಬಿಟ್ಟೆ. ಆಮೇಲೆ ನಾಚಿಕೆಯಾಗಿ ತಲೆ ತಗ್ಗಿಸಿದೆ.

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಬಿರಡೆ ತೆಗೆದಾಗ್ಲೇ ಗೊತ್ತಾತು. ಸಂತ್ಯಾಗೆ ಆ ವಾಸ್ನೆ ದಾಟ್ಕಂಡೇ ಬರ್ತೀನಲ್ಲ,” ಎಂದಳು.

ಹಾಗಾದರೆ ಎರಡನ್ನೂ ಯಾಕೆ ಕುದಿಸಲಿಲ್ಲ ಎಂದು ಕೇಳಿದೆ.

“ಒಂದನ್ನ, ಮೈಲಿಗೆ ಹೋಗ್ಲಿ ಅಂತ, ನನ್ನ ಸಮಾಧಾನಕ್ಕೆ ಕುದಿಸ್ದೆ. ಇನ್ನೊಂದನ್ನ, ನಿನ್ನ ಓದಿಗೆ ಕಲ್ಲು ಬೀಳೋದು ಬ್ಯಾಡ ಅಂತ, ಮೂಗು ಮುಚ್ಕಂಡು ಹಂಗೇ ಹೊಡ್ದೆ.”