ಕೆಂಪು ಗೆರೆಯ ಹೆಸರುಗಳು

ಆಗೆಲ್ಲ ನಮ್ಮ ಬಾಳೂರಿನ ಕಡೆ ಎಫ್‌ಎಂ ಹಿಡಿಯಬೇಕಾದರೆ ರೇಡಿಯೊ ಎತ್ತಿಕೊಂಡು ಜಾಗ ಹುಡುಕುತ್ತ ಅಲೆಯಬೇಕಿತ್ತು. ನಾವಿದ್ದ ಎಸ್ಟೇಟಿನಲ್ಲಿ ಅದು ಸಿಗುತ್ತಿದ್ದದ್ದು ಒಂದೇ ಕಡೆ, ಕಾಫಿ ಒಣಗಿಸುವ ಕಣದ ಮೂಲೆಯ ಕಲ್ಲಿನ ಮೇಲೆ. ಅಪ್ಪ ಅಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ನಾನು ಆರನೇ ಕ್ಲಾಸು. ನನ್ನಕ್ಕ ಶೈಲ ಮೂಡಿಗೆರೆಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದಳು. ಅವಳಿಗೆ ಇಂಗ್ಲಿಷ್ ಹಾಡಿನ ಹುಚ್ಚು.

ಭಾನುವಾರ ಸಂಜೆ ನಾಲ್ಕಕ್ಕೆ ಒಂದು ಗಂಟೆ ಕಾಲ ಆ ಕಾರ್ಯಕ್ರಮ. ನಡೆಸುವವನು ಮೆತ್ತಗೆ ‘ಆಲ್ಟರ್ನೇಟಿವ್ ರಾಕ್’ ಎನ್ನುತ್ತಿದ್ದ, ಆಮೇಲೆ ಗಿಟಾರುಗಳು ಹೊಡೆದಾಡುತ್ತಿದ್ದವು. ನನಗದು ಯಾರೋ ಬಾವಿಯೊಳಗೆ ನಿಂತು ಜಗಳವಾಡಿದಂತೆ ಕೇಳುತ್ತಿತ್ತು. ಆದರೂ ಹೋಗುತ್ತಿದ್ದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನೀರಿನ ಹುಳಿ ವಾಸನೆಯಲ್ಲಿ ಕೂತು ಕಿತ್ತಳೆ ಸುಲಿದು, ಸಿಪ್ಪೆಯ ರಸವನ್ನು ಅಕ್ಕನ ಕಣ್ಣಿಗೆ ಹಾರಿಸಿ ಬೈಸಿಕೊಳ್ಳುವುದೇ ನನ್ನ ಆಟ. ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿಯನ್ನು ಹಲಗೆಯಿಂದ ಕೆದಕುತ್ತಿದ್ದ ಚೆನ್ನಕ್ಕ, ಆಳುಗಳ ಲೈನಿನ ಕೊನೇ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿ, ನಗುತ್ತಿದ್ದಳು.

“ಇದೆಂತ ಸಣ್ಣಮ್ಮ, ಹೊಟ್ಟೆನೋವು ಬಂದಂಗೆ ಕೂಗ್ತಾನಲ್ಲ ಪಾಪ.”

ಆ ವರ್ಷದ ಕೊಯ್ಲಿನ ಹೊತ್ತಿಗೆ ಒಂದು ಗಂಟೆ ಅರ್ಧವಾಯಿತು, ಅರ್ಧ ಕಾಲಾಯಿತು. ಮಿಕ್ಕಿದ್ದಕ್ಕೆಲ್ಲ ಸಿನಿಮಾ ಹಾಡು. ಒಂದು ಭಾನುವಾರ ಅವನು, “ಪತ್ರ ಬರೀತಾ ಇರಿ, ಇಲ್ಲದಿದ್ರೆ ಇದು ಉಳಿಯೋದು ಕಷ್ಟ” ಎಂದ. ಅಕ್ಕ ರಾತ್ರಿ ಊಟ ಬಿಟ್ಟಳು. ಆ ಕಾಲು ಗಂಟೆಯೂ ಹೋದರೆ ತನಗೆ ಈ ಕಾಡಿನಲ್ಲಿ ಏನೂ ಉಳಿಯುವುದಿಲ್ಲ ಎಂದು ಅತ್ತಳು. ಅವಳು ಅತ್ತದ್ದು ನೋಡಿ ನನಗೂ ಅಳು ಬಂತು.

ಉಪಾಯ ನನ್ನದು. ಅಟ್ಟದ ಮೇಲೆ ಹಾಜರಿಯ ಹಳೇ ಚೆಕ್‌ರೋಲ್ ಪುಸ್ತಕಗಳಿದ್ದವು. ಅದರಲ್ಲಿ ಕೆಲವು ಆಳುಗಳ ಹೆಸರಿನ ಮೇಲೆ ಅಪ್ಪ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಕೆಂಪು ಗೆರೆ ಎಂದರೆ ಕೆಲಸ ಬಿಟ್ಟು ಹೋದವರು, ಅವರ ಹೆಸರು ಇನ್ನು ಯಾರಿಗೂ ಬೇಡ ಎಂದುಕೊಂಡೆ. ಅದೇ ಹೆಸರುಗಳಲ್ಲಿ ರೇಡಿಯೊಗೆ ಅಂಚೆ ಕಾರ್ಡು ಬರೆದೆವು. ನಾನು ಎಡಗೈಯಲ್ಲಿ, ಅಕ್ಕ ಓರೆ ಅಕ್ಷರದಲ್ಲಿ. ಅಕ್ಕ ಒಂದನ್ನು ಬಾಳೂರಿನಲ್ಲಿ ಹಾಕಿದರೆ ಇನ್ನೊಂದನ್ನು ಬಣಕಲ್‌ನಲ್ಲಿ ಹಾಕುತ್ತಿದ್ದಳು.

ಮುಂದಿನ ಭಾನುವಾರ ರೇಡಿಯೊ ಹೇಳಿತು, “ಈ ಹಾಡು ಕೇಳಿದವರು ಬಾಳೂರಿನಿಂದ ತಿಮ್ಮಯ್ಯ.”

ಕಣದಲ್ಲಿ ಹಲಗೆಗಳು ನಿಂತವು. ತಿಮ್ಮಯ್ಯ ಸಿಲ್ವರ್ ಮರದಿಂದ ಬಿದ್ದು ಸತ್ತು ಮೂರು ವರ್ಷವಾಗಿತ್ತಂತೆ. ಸತ್ತವರಿಗೂ ಬಿಟ್ಟು ಹೋದವರಿಗೂ ಅಪ್ಪ ಎಳೆಯುತ್ತಿದ್ದದ್ದು ಒಂದೇ ಗೆರೆ. ಒಬ್ಬ ಹೆಂಗಸು ಪಕ್ಕಕ್ಕೆ ಉಗಿದು, ಸೆರಗು ತಲೆಗೆ ಹೊದ್ದು ಎದ್ದೇ ಹೋದಳು. ಬರೆದದ್ದು ನಾವೆಂದು ಹೇಳಿದ್ದರೆ ಅಪ್ಪ ಚರ್ಮ ಸುಲಿಯುತ್ತಿದ್ದರು. ಅಲ್ಲದೆ ಆಗಲೇ ನಾಲ್ಕಾರು ಕಾರ್ಡು ಡಬ್ಬಕ್ಕೆ ಬಿದ್ದಾಗಿತ್ತು. ವಾರ ವಾರ ಹೆಸರುಗಳು ಬರುತ್ತಲೇ ಹೋದವು. ನಾಲ್ಕು ಹೊಡೆಯುವ ಮೊದಲೇ ಕಣ ಖಾಲಿಯಾಗತೊಡಗಿತು. ಬಿಸಿಲು ಗುಡ್ಡದ ಹಿಂದೆ ಸರಿದು, ಹರಡಿದ ಕಾಫಿಯ ಮೇಲೆ ಯಾರೂ ಇಲ್ಲದೆ, ಸತ್ತವರ ಹೆಸರು ಮಾತ್ರ ಕೇಳುವಾಗ ನನ್ನ ಮೈಯೆಲ್ಲ ಜುಂ ಎನ್ನುತ್ತಿತ್ತು.

ಚೆನ್ನಕ್ಕ ಮಾತ್ರ ಹೋಗಲಿಲ್ಲ. ದಿನ ಹೋದಂತೆ ಕಲ್ಲಿನ ಹತ್ತಿರ ಹತ್ತಿರ ಬಂದು ಕೂತಳು. ಮೂರನೇ ವಾರ ರೇಡಿಯೊ, “ಬಾಳೂರಿನಿಂದ ಸುಮಿತ್ರ” ಎಂದಿತು. ಅದು ನಾನು ಬರೆದ ಕಾರ್ಡು. ಸುಮಿತ್ರ ಚೆನ್ನಕ್ಕನ ಮಗಳೆಂದು, ಎಂಟು ವರ್ಷದ ಹಿಂದೆ ಜೀಪು ಹತ್ತಿ ಘಟ್ಟ ಇಳಿದವಳು ತಿರುಗಿ ಬರಲಿಲ್ಲವೆಂದು ನನಗೇನು ಗೊತ್ತು?

“ಉಂಟು ಸಣ್ಣಮ್ಮ, ಅವಳು ಉಂಟು,” ಚೆನ್ನಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು. “ಇಲ್ಲೇ ಬಾಳೂರಿಗೆ ಬಂದು ಹೋಗ್ಯಾಳೆ. ನನ್ ಹತ್ರ ಬರಕ್ಕೆ ನಾಚ್ಕೆ ಅವಳಿಗೆ.”

ಅಂದಿನಿಂದ ಅವಳು ಭಾನುವಾರ ತಲೆ ಬಾಚಿ, ಒಗೆದ ಸೀರೆ ಉಟ್ಟು ಬರುತ್ತಿದ್ದಳು. ಬೇಯಿಸಿದ ಗೆಣಸು ತಂದು ನಮಗೆ ಕೊಡುತ್ತಿದ್ದಳು, ಒಂದನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದಳು. ಅದು ಯಾರಿಗೆಂದು ನಾನು ಕೇಳಲಿಲ್ಲ. ನನ್ನ ಪಾಲಿನ ಗೆಣಸನ್ನು ಕಾಫಿ ಗಿಡದ ಬುಡಕ್ಕೆ ಹಾಕಿ ಬರುತ್ತಿದ್ದೆ.

“ಹೇಳ್ಬಿಡಣ ಕಣೆ,” ಎಂದೆ ಅಕ್ಕನಿಗೆ.

“ಹೇಳಿ ಎಂತ ಮಾಡ್ತಿ ಮಾರಾಯ್ತಿ? ಆ ಮುದುಕಿ ಬದುಕ್ತಾಳಾ?” ಎಂದಳು. ಆದರೆ ಅವಳ ಮುಖವೂ ಬಿಳಚಿಕೊಂಡಿತ್ತು. ಕಾರ್ಡು ಬರೆಯುವುದನ್ನು ಇಬ್ಬರೂ ನಿಲ್ಲಿಸಿದೆವು. ಒಂದು ತಿಂಗಳು ನಮ್ಮ ಯಾವ ಹೆಸರೂ ಬರಲಿಲ್ಲ.

ಕೊಯ್ಲು ಮುಗಿಯುವ ವಾರ, ಇದೇ ಕೊನೆಯ ಕಾರ್ಯಕ್ರಮ ಎಂದು ರೇಡಿಯೊದವನು ಮೊದಲೇ ಹೇಳಿಬಿಟ್ಟ. ಅವತ್ತು ಏನಾದರಾಗಲಿ, ಹಾಡು ಮುಗಿದ ಕೂಡಲೇ ಹೇಳಿಬಿಡುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಂಡು ಚೆನ್ನಕ್ಕನ ಪಕ್ಕದಲ್ಲೇ ಕೂತಿದ್ದೆ. ಹಾಡು ಮುಗಿಯಿತು. ನಾನು “ಚೆನ್ನಕ್ಕ” ಎಂದೆ. ಆಗ ಅವನು ಅಂದ, “ಕೊನೆಯ ಪತ್ರ, ಬಾಳೂರಿನಿಂದ ಸುಮಿತ್ರ. ಹಾಡು ಯಾವುದಾದರೂ ಆಗಬಹುದಂತೆ. ಇಬ್ಬನಿ ಬೀಳುವ ಮೊದಲು ಕಣಕ್ಕೆ ಟಾರ್ಪಾಲು ಮುಚ್ಚಿ ಮನೆಗೆ ಹೋಗು ಅಂತ ಅವ್ವನಿಗೆ ಹೇಳಿ, ಅಂತ ಬರೆದಿದ್ದಾರೆ.”

ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ. ಚೆನ್ನಕ್ಕ ಎದ್ದು ಕಾಫಿಯನ್ನು ಗುಡ್ಡೆ ಮಾಡಿ, ಟಾರ್ಪಾಲು ಎಳೆದು, ನಾಲ್ಕೂ ಮೂಲೆಗೆ ಕಲ್ಲಿಟ್ಟು ಲೈನಿನ ಕಡೆ ನಡೆದಳು. ನಾನು ರೇಡಿಯೊ ಆರಿಸಿದೆ.

ಮುಂದಿನ ಭಾನುವಾರದಿಂದ ಆ ಹೊತ್ತಿಗೆ ಸಿನಿಮಾ ಹಾಡು. ಚೆನ್ನಕ್ಕ ಆಗಲೂ ಬಂದು ಕೂರುತ್ತಿದ್ದಳು, ಕೊನೆಯವರೆಗೂ ಕೇಳುತ್ತಿದ್ದಳು. “ಇವತ್ತೂ ಕರೀಲಿಲ್ಲ” ಎಂದು ಎದ್ದು ಹೋಗುತ್ತಿದ್ದಳು. ಮಾರನೇ ವರ್ಷ ಕೊಯ್ಲು ಶುರುವಾಗುವ ಮೊದಲೇ ತೀರಿಕೊಂಡಳು. ಅಪ್ಪ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವಾಗ ನಾನು ಎದುರಿಗೇ ಇದ್ದೆ.

ಆ ಕೊನೆಯ ಕಾರ್ಡನ್ನು ನೀನೇ ಬರೆದದ್ದು ಎಂದು ಅಕ್ಕ ಇವತ್ತಿಗೂ ನನಗೆ ಹೇಳುತ್ತಾಳೆ. ನಾನು ಬರೆದಿಲ್ಲ. ದೇವರಾಣೆ ಹಾಕಿ ಕೇಳಿದ್ದೇನೆ, ಅವಳೂ ಬರೆದಿಲ್ಲವಂತೆ.

ಈಗ ಆ ಹಾಡುಗಳೆಲ್ಲ ನನ್ನ ಫೋನಿನಲ್ಲಿವೆ, ಬೇಕಾದಾಗ ಹಾಕಿಕೊಳ್ಳಬಹುದು. ಒಂದು ಮುಗಿದರೆ ತಾನಾಗಿ ಇನ್ನೊಂದು ಶುರುವಾಗುತ್ತದೆ. ನಡುವೆ ಯಾರ ಹೆಸರನ್ನೂ ಯಾರೂ ಓದುವುದಿಲ್ಲ. ನನಗೆ ಒಂದು ಕಾರ್ಡು ಬರೆಯುವುದಿದೆ: ಚೆನ್ನಕ್ಕ, ಮೊದಲನೆಯದು ನಾನು ಬರೆದದ್ದು. ಅದನ್ನು ಎಲ್ಲಿಗೆ ಹಾಕಲಿ?