ಪಾಯಾಳು ಸೋನಾಬಾಯಿಯ ನಡ

ನಾ ಹುಟ್ಟೂಮುಂದ ತಲಿ ಬದಲಿ ಕಾಲ ಮುಂದ ಮಾಡಿ ಬಂದಾಕಿ. ನಮ್ಮ ಕಡೆ ಇಂಥವ್ರಿಗೆ ಪಾಯಾಳು ಅಂತಾರ. ನಡಾ ಹಿಡಿದವ್ರಿಗೆ ಪಾಯಾಳು ಎಡಗಾಲಿಲೆ ಮೂರ ಸಲ ಒದ್ರ ಬ್ಯಾನಿ ಹೋಗತೈತಿ ಅಂತ ಮಂದಿ ನಂಬಿಕಿ. ನಾ ಹುಟ್ಟಿ ಮಾಡಿದ ಘನಕಾರ್ಯ ಅದೊಂದ. ಸಾಲಿ ಮೂರನೇತ್ತಕ್ಕ ಬಿಟ್ಟೆ. ರೊಟ್ಟಿ ಬಡದ್ರ ಕರ್ನಾಟಕದ ನಕಾಶೆ ಆಗತೈತಿ. ಆದ್ರ ಐತವಾರ ಮುಂಜಾನೆ ಕಬ್ಬೂರಿಗೆ ಬಂದು ನಮ್ಮ ಅಂಗಳಾ ನೋಡ್ರಿ. ಪಂಚಾಯ್ತಿ ಮೆಂಬರ, ಸಾಲಿ ಮಾಸ್ತರ, ಎಲ್ಲಾರೂ ನನ್ನ ಮುಂದ ಬೋರಲ ಮಲಗಿರತಾರ. ನಮ್ಮ ಅತ್ತಿನ್ನೂ ಒದ್ದೇನ್ರಿ. ಆಕಿಗೆ ಮಾತ್ರ ನಾಕ ಸಲ ಒದ್ದು, ಎಣಿಕಿ ತಪ್ಪಿತ್ತು ಅಂದೆ.

ಹ್ವಾದ ವರ್ಷ ಚಳಿಗಾಲದಾಗ ನನ್ನ ನಡಾನ ಹಿಡೀತು. ಸೆಗಣಿ ಬುಟ್ಟಿ ದೂರ ಇತ್ತು, ಮಣಕಾಲ ಮಡಚದ ಬಗ್ಗಿದೆ, ಎತ್ತಿದೆ, ಎತ್ತಿದಾಕಿ ಹಂಗ ಮಗ್ಗಲಕ್ಕ ಹೊಳ್ಳಿದೆ. ಕಟ್ ಅಂತು. ಅಲ್ಲೇ ಬಗ್ಗಿ ನಿಂತೆ. ಎಮ್ಮಿ ನನ್ನ ಮಾರಿ ನೋಡ್ತು, ನಾ ಎಮ್ಮಿ ಮಾರಿ ನೋಡಿದೆ. ನನ್ನ ಗಂಡ ಮುರಗೆಪ್ಪ ಓಡಿ ಬಂದ, ಬಂದು ನಿಂತು ನಕ್ಕ.

"ಈಗ ನಿನ್ನ ಯಾರ ಒದೀಬೇಕ ಬೇ?"

ಅವನ ಬಾಯಿಗೆ ಮಣ್ಣ ಹಾಕಲಿ! ಬಾಗಲಾ ಮುಚ್ಕೊಂಡು ನನ್ನ ಕಾಲಿಲೆ ನನ್ನ ನಡಾ ಮುಟ್ಟಾಕ ನೋಡಿದೆ. ಮುಟ್ಟಂಗಿದ್ರ ಬ್ಯಾನೀನ ಇರತಿದ್ದಿಲ್ಲಲ್ಲ. ಖರೇ ಹೇಳಬೇಕಂದ್ರ ಹೆದರಿಕಿ ಬ್ಯಾನಿದಲ್ಲ. ಪಾಯಾಳುನ ನಡಾನ ಹಿಡದೈತಿ ಅಂತ ಊರಿಗೆ ಗೊತ್ತಾದ್ರ ಕಾಲಿನ ಕಿಮ್ಮತ್ತ ಹೋಗತೈತಿ. ಅದ ಹೋದ್ರ ನಾ ಬರೇ ಮುರಗೆಪ್ಪನ ಹೇಂತಿ. ಅದೇನ ದೊಡ್ಡ ಪದವಿ ಅಲ್ಲ.

ಕಣ್ಣ ತೋರಸಾಕ ಹೊಂಟೇನಿ ಅಂತ ಊರಿಗೆ ಹೇಳಿ ಚಿಕ್ಕೋಡಿ ದವಾಖಾನಿಗೆ ಹೋದೆ. ಅಲ್ಲಿ ವ್ಯಾಯಾಮ ಕಲಸೂ ರಾಜೇಶ್ವರಿ ಅನ್ನೂ ಹುಡುಗಿ ನನ್ನ ಅಡ್ಡಾಡಿಸಿ, ಬಗ್ಗಿಸಿ ನೋಡಿದ್ಲು.

"ಆಯಿ, ಬಲಗಾಲ ಮ್ಯಾಲೆ ಭಾಳ ಭಾರ ಹಾಕ್ತೀರಿ. ಯಾಕ್ರಿ?"

"ಸ್ವಭಾವ ಹಂಗ ನಂದು," ಅಂದೆ. ಒಂಟಿಗಾಲಿಲೆ ನಿಂತು ಊರನ್ನ ಒದೀತೇನಿ ಅಂತ ಹೆಂಗ ಹೇಳಲಿ?

ಹಾಸಿಗಿಂದ ದಡಕ್ಕನ ಏಳಬ್ಯಾಡ್ರಿ, ಮಗ್ಗಲಾಗಿ ಕಾಲ ಇಳೇಬಿಟ್ಟು ಕೈ ಊರಿ ಏಳ್ರಿ ಅಂದ್ಲು. ಭಾರ ಎತ್ತೂಮುಂದ ಹತ್ತರ ಹೋಗಿ, ಮಣಕಾಲ ಮಡಚಿ, ಹೊಟ್ಟಿಗೆ ಹಚ್ಚಿ ಎತ್ರಿ, ಹೊಳ್ಳೂದಾದ್ರ ಕಾಲಿಲೆ ಹೊಳ್ರಿ, ನಡಾ ತಿರುವಬ್ಯಾಡ್ರಿ. ರೊಟ್ಟಿ ಬಡಿಯಾಕ ಕುಂತ್ರ ಅರ್ಧಾ ತಾಸಿಗೊಮ್ಮೆ ಎದ್ದು ನಾಕ ಹೆಜ್ಜಿ ಹಾಕ್ರಿ. ದಿನಾ ಅಡ್ಡಾಡ್ರಿ, ಬರೇ ಮಲ್ಕೊಂಡ್ರ ನಡಾ ಇನ್ನೂ ಬಿಗಿ ಆಗತೈತಿ. ಕಡೀಕ ಬೆರಳ ತೋರಿಸಿ ಹೇಳಿದ್ಲು: "ಕಾಲ ಜೋಮ ಹಿಡದ್ರ, ಬಲಾ ಹೋದ್ರ, ಒಂದಕ್ಕ ಹೋಗೂದು ತ್ರಾಸ ಆದ್ರ ಮಾತ್ರ ತಡಾ ಮಾಡಬ್ಯಾಡ್ರಿ. ಅವತ್ತ ಬರ್ರಿ."

ದಿನಾ ಮುಂಜಾನೆ ಕಬ್ಬಿನ ಹೊಲದ ದಾರಿ ಹಿಡಿದೆ. ಸುಮ್ನ ಅಡ್ಡಾಡಿದ್ರ ಮಂದಿ ಕೇಳತಾರಲ್ಲ, ಕೈಯಾಗ ಹಗ್ಗ ಹಿಡಕೊಂಡು "ಎಮ್ಮಿ ತಪ್ಪಿಸ್ಕೊಂಡೈತ್ರಿ" ಅಂತಿದ್ದೆ. ನಾಕನೇ ದಿನ ಪಾಪ, ಮೂರ ಮಂದಿ ಕೆಲಸಾ ಬಿಟ್ಟು ನನ್ನ ಜೋಡಿ ಹುಡುಕಾಕ ಬಂದ್ರು. ಮೂರ ಮೈಲಿ ನಡದ್ವಿ. ಎಮ್ಮಿ ಮನ್ಯಾಗ ಮೆಲಕ ಹಾಕಾಕತ್ತಿತ್ತು. ಏನ ಇರಲಿ, ತಿಂಗಳದಾಗ ನನ್ನ ನಡಾ ಸಡ್ಲ ಆತು.

ಒಂದ ಐತವಾರ ಭರಮು ಬಂದ. ಟ್ರ್ಯಾಲಿಗೆ ಕಬ್ಬ ಹೇರೂ ಆಳು, ಎತ್ತಿನಂಥಾ ಮನಿಶಾ. ಹೇಂತಿ ಅಕ್ಕುತಾಯಿ ರಟ್ಟಿ ಹಿಡಕೊಂಡು ಕರಕೊಂಡ ಬಂದಿದ್ಲು. ಅಂಗಳದ ತುಂಬ ಮಂದಿ. ಅವ ಬೋರಲ ಮಲಗಿದ, ನಾ ಕಾಲ ಎತ್ತಿದೆ. ನೋಡತೇನಿ, ಅವನ ಬಲಗಾಲಾಗ ಚಪ್ಪಲ ಇಲ್ಲ.

"ಒಂದ ಚಪ್ಪಲ ಎಲ್ಲಿ ಬಿಟ್ಟಿ ಲೇ?"

"ಬಿದ್ದೈತೇನ್ರಿ ಆಯಿ? ಎರಡ ದಿನಾ ಆತು, ಆ ಕಾಲಿಗೆ ಏನೂ ತಿಳೀವಲ್ದು."

ಕಾಲ ಜೋಮ ಹಿಡದ್ರ ತಡಾ ಮಾಡಬ್ಯಾಡ್ರಿ ಅಂದಿದ್ಲಲ್ಲ ರಾಜೇಶ್ವರಿ. ಒದ್ರ ನನ್ನ ಮರ್ಯಾದಿ ಉಳೀತಿತ್ತು, ಅವನ ಕಾಲ ಉಳೀತಿತ್ತೋ ಇಲ್ಲೋ. ಕಾಲ ಕೆಳಗ ಇಟ್ಟೆ.

"ಏಳಪಾ. ಚಿಕ್ಕೋಡಿಗೆ ಹೋಗೂಣು, ಈಗಿಂದೀಗ."

"ನೀವ ಒದ್ದಬಿಡ್ರಿ ಆಯಿ," ಅಂದ ಭರಮು. "ಹ್ವಾದ ವರ್ಷ ನಿಮ್ಮ ಕಾಲಿಂದನ ಆರಾಮ ಆಗಿತ್ತು. ದವಾಖಾನಿ ಮ್ಯಾಲೆ ನನಗ ಭರೋಸಾ ಇಲ್ಲ."

ನಲವತ್ತ ವರ್ಷದಾಗ ಹೇಳಲಾರದ ಮಾತ ಎಲ್ಲಾರ ಮುಂದ ಹೇಳಿದೆ. "ಅದು ಎಂಟ ದಿನದಾಗ ತಾನ ಹೋಗಿತ್ತೋ, ಭರಮು. ನನ್ನ ಕಾಲಾಗ ಏನೂ ಇಲ್ಲ. ನನ್ನ ನಡಾನ ಹಿಡದಿತ್ತು, ನಾನೂ ಆ ದವಾಖಾನಿಗೇ ಹೋಗಿದ್ದೆ."

ಅಕ್ಕುತಾಯಿ ಗಂಡನ ರಟ್ಟಿ ಹಿಡದು ಎಬ್ಬಿಸಿದ್ಲು. ಟಂಟಂ ರಿಕ್ಷಾ ತರಿಸಿದ್ವಿ. ಅವತ್ತ ಚಿಕ್ಕೋಡಿಯಿಂದ ಬೆಳಗಾಂವಿಗೆ ಕಳಿಸಿದ್ರು, ಆಪರೇಶನ್ ಆತು. ಇನ್ನಷ್ಟ ತಡಾ ಆಗಿದ್ರ ಕಾಲ ಬರತಿದ್ದಿಲ್ಲ ಅಂದ್ರಂತ ಡಾಕ್ಟ್ರು. ಎರಡ ತಿಂಗಳಿಗೆ ಭರಮು ತನ್ನ ಕಾಲಿಲೆ ನಡಕೋತ ಊರಿಗೆ ಬಂದ.

ಮರದಿನಾನ ಐತವಾರ. ಬಾಗಲಾ ತಗದ್ರ ಅಂಗಳದಾಗ ಮೊದಲಿನಕಿಂತ ಎರಡ ಪಟ್ಟ ಮಂದಿ! ರಾಯಬಾಗದಿಂದ ಸುದ್ದಾ ಬಂದಿದ್ರು.

"ಒದೀಬ್ಯಾಡ್ರಿ ಆಯಿ," ಅಂದ ಒಬ್ಬ ಮುದುಕ ಕೈ ಮುಗದು. "ಭರಮುಗ ಮಾಡಿದಂಗ ಬರೇ ಕಾಲ ಎತ್ತಿ ಇಳಸ್ರಿ, ಸಾಕು."

ನಾ ಹಣಿ ಹಣಿ ಬಡಕೊಂಡೆ. ಬೈದೆ, ತಿಳಿಸಿ ಹೇಳಿದೆ. ಯಾರೂ ಕೇಳವಲ್ರು. ಕಡೀಕ ಎಲ್ಲಾರನ್ನೂ ಸಾಲಾಗಿ ಮಲಗಿಸಿ, ಮಗ್ಗಲಾಗಿ ಏಳೂದು, ಮಣಕಾಲ ಮಡಚಿ ಕೊಡಾ ಎತ್ತೂದು ಹತ್ತ ಹತ್ತ ಸಲ ಮಾಡಿಸಿದೆ. ಜೋಮ ಅಂದ ಇಬ್ಬರನ್ನ ಅಲ್ಲಿಂದನ ಚಿಕ್ಕೋಡಿಗೆ ಅಟ್ಟಿದೆ. ನಾ ಹೇಳಿದ್ದಕ್ಕ ಅಲ್ಲ, ಪಾಯಾಳು ಹೇಳಿದ್ದಕ್ಕ ಹೋದ್ರು.

ಈಗ ಪ್ರತಿ ಐತವಾರ ಹಿಂಗ. ವ್ಯಾಯಾಮ ಮುಗಿದ ಮ್ಯಾಲೆ ಎಲ್ಲಾರೂ ನನ್ನ ಮಾರಿ ನೋಡಕೋತ ಕುಂದರತಾರ. ಗ್ವಾಡಿ ಗಟ್ಟಿ ಹಿಡಕೊಂಡು, ಹಗರಕ ಕಾಲ ಎತ್ತಿ ಇಳಸ್ತೇನ್ರಿ. ನಾಚಿಕಿ ಬರತೈತಿ. ಖುಷಿನೂ ಆಗತೈತಿ.